ಒಬ್ಬೊಬ್ಬರಿಗೂ ಒಗ್ಗುವ ಕೆಲಸ: ಸಣ್ಣ ಘಟಕದಲ್ಲಿ ಸ್ಮಾರ್ಟ್ ತಂತ್ರಜ್ಞಾನ ಬಳಸುವ ಬಗೆ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ವೈರ್ ಹಾರ್ನೆಸ್ ಘಟಕ ಇದೆ. ಪಂಪ್‌ಸೆಟ್ ಪ್ಯಾನೆಲ್, ಜನರೇಟರ್, ಸಣ್ಣ ಗಾಡಿಗಳ ಒಳಗೆ ಹೋಗುವ ವೈರಿನ ಕಟ್ಟುಗಳು ಇಲ್ಲಿ ತಯಾರಾಗುತ್ತವೆ. 42 ಜನ ಇದ್ದೇವೆ. ನಾನು ಫ್ಲೋರ್ ಇನ್‌ಚಾರ್ಜ್.

ಎರಡು ವರ್ಷದ ಹಿಂದೆ ರಾಯಚೂರು ಕಡೆಯ ಹುಡುಗನೊಬ್ಬ ಸೇರಿದ. ಕೈ ಬಲು ಚುರುಕು. ಆದರೆ ಅವನ ಬೋರ್ಡಿನಿಂದ (ವೈರ್ ಹಾಸಿ ಕಟ್ಟುವ ಹಲಗೆ) ಇಳಿದ ಹಾರ್ನೆಸ್ ಟೆಸ್ಟಿಂಗ್‌ನಲ್ಲಿ ಮತ್ತೆ ಮತ್ತೆ ಫೇಲ್ ಆಗುತ್ತಿತ್ತು. ಹಸಿರು ಹೋಗಬೇಕಾದ ಕಡೆ ಕಂದು, ಕಂದು ಹೋಗಬೇಕಾದ ಕಡೆ ಕೆಂಪು. ಗಮನ ಕೊಡುವುದಿಲ್ಲ ಎಂದು ಎಲ್ಲರ ಮುಂದೆ ಬೈದೆ. ಒಂದು ಸಲ ಅಲ್ಲ, ಮೂರು ಸಲ. ಒಂದು ಸಂಜೆ ಶಿಫ್ಟ್ ಮುಗಿದ ಮೇಲೆ ಅವನೇ ಬಂದು ನಿಂತ. "ಆ ಬಣ್ಣ ಎಲ್ಲಾ ನನಗ ಒಂದೇ ನಮೂನಿ ಕಾಣ್ತಾವ್ರೀ ಮೇಡಂ" ಅಂದ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಅವನ ಕಣ್ಣಿನದ್ದಲ್ಲ, ಬಣ್ಣ ಒಂದನ್ನೇ ನಂಬಿಕೊಂಡ ನಮ್ಮ ಬೋರ್ಡಿನದ್ದು. ಅಲ್ಲಿಂದ ಇಲ್ಲಿಯವರೆಗೆ ನಾವು ಕಲಿತದ್ದನ್ನು ಈ ಲೇಖನದಲ್ಲಿ ಬರೆದಿದ್ದೇನೆ. ನಿಮ್ಮದು ಗಾರ್ಮೆಂಟ್ಸ್ ಇರಬಹುದು, ಪ್ರಿಂಟಿಂಗ್ ಪ್ರೆಸ್ ಇರಬಹುದು, ನಾಲ್ಕು ಜನರ ಆಫೀಸ್ ಇರಬಹುದು. ಹೆಜ್ಜೆಗಳು ಹೆಚ್ಚು ಕಡಿಮೆ ಇವೇ.

ಮೊದಲು ಕೇಳಿ, ಆಮೇಲೆ ಕೊಳ್ಳಿ

ಹೆಚ್ಚಿನವರು ಮಾಡುವ ತಪ್ಪು ಇದು: ಮೊದಲು ಯಾವುದೋ ಸಾಧನ ಕೊಳ್ಳುತ್ತಾರೆ, ಆಮೇಲೆ ಅದನ್ನು ಯಾರಿಗೆ ಕೊಡೋಣ ಎಂದು ಹುಡುಕುತ್ತಾರೆ. ಕೆಲವೇ ದಿನದಲ್ಲಿ ಅದು ಬೀರು ಸೇರುತ್ತದೆ.

ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಕೂತು ಮಾತಾಡಿ. ಕ್ಯಾಬಿನ್‌ಗೆ ಕರೆಸಬೇಡಿ. ಕ್ಯಾಬಿನ್‌ಗೆ ಕರೆದರೆ ಬೈಗುಳ ಕಾದಿದೆ ಎಂದೇ ಜನ ಅಂದುಕೊಳ್ಳುತ್ತಾರೆ. ನಾನು ಟೀ ಹೊತ್ತಲ್ಲಿ ಅವರು ಕೂರುವ ಜಾಗಕ್ಕೇ ಹೋಗುತ್ತೇನೆ. "ನಿಮಗೇನು ತೊಂದರೆ ಇದೆ?" ಎಂದು ಕೇಳಿದರೆ "ಏನೂ ಇಲ್ಲ ಮೇಡಂ" ಎಂಬ ಉತ್ತರ ಗ್ಯಾರಂಟಿ. ಹಾಗಾಗಿ ಕೆಲಸದ ಬಗ್ಗೆ ಕೇಳಿ:

- ದಿನದಲ್ಲಿ ಯಾವ ಹೊತ್ತು ಕೈ ನಿಧಾನ ಆಗುತ್ತದೆ?
- ಯಾವ ಕೆಲಸ ಬಂದರೆ ಪಕ್ಕದವರನ್ನು ಕೇಳಬೇಕಾಗುತ್ತದೆ?
- ಮನೆಗೆ ಹೋದ ಮೇಲೆ ಮೈಯಲ್ಲಿ ಯಾವ ಭಾಗ ನೋಯುತ್ತದೆ?
- ಈ ಟೇಬಲ್ಲಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಅಂದರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರ ಕೇಳಿ ಎಷ್ಟೋ ಸಲ ನಾನೇ ಬೆರಗಾಗಿದ್ದೇನೆ. ಪ್ಯಾಕಿಂಗ್‌ನ ಒಬ್ಬ ಅಕ್ಕ ಕೇಳಿದ್ದು ಹೊಸ ಮೆಷಿನ್ ಅಲ್ಲ. ಬೆಳಗಿನ ಶಿಫ್ಟ್ ಇಪ್ಪತ್ತು ನಿಮಿಷ ತಡವಾಗಿ ಶುರುವಾದರೆ ಮಗಳನ್ನು ಶಾಲೆಗೆ ಬಿಟ್ಟು ಬಸ್ಸಿಗೇ ಬರಬಹುದಿತ್ತು, ಅಷ್ಟೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮ ಹೆಂಗಸರು ಬಹುತೇಕ ಬಿಎಂಟಿಸಿಯಲ್ಲೇ ಬರುತ್ತಾರೆ. ಗೇಟ್ ಸಮಯ ಬಸ್ಸಿಗೆ ಹೊಂದಬೇಕು ಎಂದು ನಮಗೆ ಹೊಳೆದೇ ಇರಲಿಲ್ಲ. ಈಗ ಫೋನಿನಲ್ಲಿ ಎಲ್ಲರೂ ನೋಡುವಂಥ ಒಂದು ಶೀಟ್ ಇದೆ. ಮೂರು ಶುರು ಸಮಯಗಳಲ್ಲಿ ಬೇಕಾದದ್ದನ್ನು ವಾರಕ್ಕೊಮ್ಮೆ ಆರಿಸಿಕೊಳ್ಳಬಹುದು, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳಬಹುದು. ಖರ್ಚು ಸೊನ್ನೆ.

ಒಂದು ಮಾತು. ಕಾಯಿಲೆ ಹೆಸರು ಕೇಳಬೇಡಿ. ನಿಮಗೆ ಬೇಕಿರುವುದು "ಎರಡು ಗಂಟೆಗಿಂತ ಜಾಸ್ತಿ ನಿಲ್ಲಲಾರೆ" ಎಂಬ ಮಾತು. ಯಾಕೆ ನಿಲ್ಲಲಾರರು ಎಂಬುದು ಅವರಿಗೂ ಅವರ ಡಾಕ್ಟರಿಗೂ ಬಿಟ್ಟದ್ದು.

ಕೆಲಸವನ್ನು ಬಿಡಿಸಿ ನೋಡಿ

"ಹಾರ್ನೆಸ್ ಕಟ್ಟುವುದು" ಒಂದು ಕೆಲಸ ಅಲ್ಲ. ವೈರ್ ಆರಿಸುವುದು, ಬೋರ್ಡಿನ ಮೊಳೆಗಳ ಸುತ್ತ ಹಾಸುವುದು, ಟರ್ಮಿನಲ್ ಕ್ರಿಂಪ್ ಮಾಡುವುದು (ವೈರಿನ ತುದಿಗೆ ಲೋಹದ ತುಣುಕು ಒತ್ತಿ ಕೂರಿಸುವುದು), ಕನೆಕ್ಟರಿಗೆ ತೂರಿಸುವುದು, ಟೇಪ್ ಸುತ್ತುವುದು, ಟೆಸ್ಟ್ ಮಾಡುವುದು, ಹೀಗೆ ಆರು ಕೆಲಸ. ಒಂದೊಂದಕ್ಕೂ ಯಾವ ಅಂಗ ಬೇಕು ಎಂದು ಪಕ್ಕದಲ್ಲಿ ಬರೆಯಿರಿ. ಕಣ್ಣು, ಕಿವಿ, ಬೆರಳು, ಸೊಂಟ, ನೆನಪು, ಓದು.

ಆ ಹುಡುಗನಿಗೆ ಕಷ್ಟ ಇದ್ದದ್ದು ಆರರಲ್ಲಿ ಒಂದರಲ್ಲಿ ಮಾತ್ರ, ವೈರ್ ಆರಿಸುವುದರಲ್ಲಿ. ಉಳಿದ ಐದರಲ್ಲಿ ಅವನು ನಮ್ಮ ಲೈನಿಗೇ ಮೊದಲು. ಇದನ್ನು ನೋಡದೆ ಹೋಗಿದ್ದರೆ ಅವನನ್ನು ಹೆಲ್ಪರ್ ಕೆಲಸಕ್ಕೆ ಹಾಕಿ ಬಿಡುತ್ತಿದ್ದೆವು. ಸಂಬಳ ಇಳಿಯುತ್ತಿತ್ತು, ಕೈಯಲ್ಲಿನ ಕಸುಬೂ ಹೋಗುತ್ತಿತ್ತು. ಕೆಳಗಿನ ಕೆಲಸಕ್ಕೆ ತಳ್ಳುವುದನ್ನು ಹೊಂದಾಣಿಕೆ ಎಂದು ಕರೆಯಬಾರದು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಬಣ್ಣ ಗೊತ್ತಾಗದಿದ್ದರೆ

ಕೆಂಪು ಹಸಿರು ಬೇರೆ ಮಾಡಲಾಗದಿರುವುದು ಹೆಚ್ಚಾಗಿ ಹುಟ್ಟಿನಿಂದ ಬರುವಂಥದ್ದು. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡಸರಲ್ಲೇ ಜಾಸ್ತಿ. ಎಷ್ಟೋ ಜನಕ್ಕೆ ತಮಗೆ ಇದೆ ಎಂದೇ ಗೊತ್ತಿರುವುದಿಲ್ಲ. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪರೀಕ್ಷೆಯನ್ನು ಕಣ್ಣಿನ ಡಾಕ್ಟರ್ ಮಾಡಿಸುತ್ತಾರೆ. ಯಾರಾದರೂ ತಾವೇ ಕೇಳಿದರೆ ಕಳಿಸಿ. ಕೆಲಸ ಕೊಡದಿರಲು ಜರಡಿಯ ಹಾಗೆ ಬಳಸಬೇಡಿ.

ನಾವು ಮೊದಲು ಫೋನಿನ ಆ್ಯಪ್ ನೋಡಿದೆವು. ಕ್ಯಾಮೆರಾ ಹಿಡಿದರೆ ಬಣ್ಣದ ಹೆಸರು ಹೇಳುವಂಥವು ಬೇಕಾದಷ್ಟಿವೆ. ಬಟ್ಟೆ ಆರಿಸಲು, ಮನೆ ಬಳಕೆಗೆ ಪರವಾಗಿಲ್ಲ. ವೈರಿಗೆ ಸಾಲದು. ಟ್ಯೂಬ್‌ಲೈಟ್ ಬೆಳಕಲ್ಲಿ ಕಂದನ್ನು ಕೆಂಪು ಎನ್ನುತ್ತದೆ, ಕೆಂಪಿನ ಮೇಲೆ ಬಿಳಿ ಗೆರೆ ಇರುವ ವೈರ್ ಹಿಡಿದರೆ ತಬ್ಬಿಬ್ಬಾಗುತ್ತದೆ. ಕರೆಂಟ್ ಹರಿಯುವ ವಸ್ತುವಿನಲ್ಲಿ ಇಂಥ ಊಹೆಗೆ ಜಾಗ ಇಲ್ಲ.

ಕೈ ಹಿಡಿದದ್ದು ಎರಡು ಉಪಾಯ. ಒಂದು ತೀರಾ ಹಳೆಯದು: ವೈರಿನ ಎರಡೂ ತುದಿಗೆ ನಂಬರ್ ಇರುವ ಸ್ಲೀವ್, ಅಂದರೆ ವೈರಿನ ಮೇಲೆ ಏರಿಸುವ ಸಣ್ಣ ಕೊಳವೆ. ಲೇಬಲ್ ಪ್ರಿಂಟರಿನಲ್ಲಿ ಸ್ಲೀವ್ ಮೇಲೆ 1, 2, 3 ಎಂದು ಅಚ್ಚು ಹಾಕಿ ಏರಿಸಿದೆವು. ಬೋರ್ಡಿನ ಮೇಲೂ ಅದೇ ನಂಬರ್. ಬಣ್ಣ ಇದ್ದೇ ಇದೆ, ಆದರೆ ಬಣ್ಣವನ್ನೇ ನೆಚ್ಚಿಕೊಳ್ಳಬೇಕಿಲ್ಲ.

ಇನ್ನೊಂದು, ಬೆಳಕು ತೋರಿಸುವ ಡಬ್ಬಿಗಳು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಪಿಕ್ ಟು ಲೈಟ್ ಎನ್ನುತ್ತಾರೆ. ವೈರಿನ ಒಂದೊಂದು ಡಬ್ಬಿಗೂ ಒಂದು ಸಣ್ಣ ಎಲ್‌ಇಡಿ. ಬೋರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮೊದಲು ತೆಗೆಯಬೇಕಾದ ಡಬ್ಬಿಯ ದೀಪ ಹತ್ತುತ್ತದೆ. ವೈರ್ ತೆಗೆದು ಬಟನ್ ಒತ್ತಿದರೆ ಮುಂದಿನದು. ರೆಡಿಮೇಡ್ ಕೊಂಡರೆ ದುಬಾರಿ. ನಾವು ಎಸ್.ಪಿ. ರಸ್ತೆಗೆ ಹೋಗಿ ಸಾಮಾನು ತಂದು ಕಟ್ಟಿಸಿದೆವು. ಬೇಕಾದದ್ದು ಇಷ್ಟು:

- ದೀಪಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್, ಅಂದರೆ ವೈಫೈ ಇರುವ ಇಎಸ್‌ಪಿ32 ಬೋರ್ಡ್ ಒಂದು, 500 ರೂಪಾಯಿ ಆಸುಪಾಸು
- ಒಂದೊಂದು ದೀಪವನ್ನೂ ಬೇರೆ ಬೇರೆಯಾಗಿ ಹೊತ್ತಿಸಬಹುದಾದ ಎಲ್‌ಇಡಿ ಪಟ್ಟಿ
- 5 ವೋಲ್ಟಿನ ಅಡಾಪ್ಟರ್
- ಅಂಗೈಯಿಂದ ಒತ್ತಬಹುದಾದ ದೊಡ್ಡ ಬಟನ್

ಎಲ್‌ಇಡಿ ಪಟ್ಟಿಗೆ ಕರೆಂಟಿನ ಎರಡು ವೈರ್ ಬಿಟ್ಟರೆ ಒಂದೇ ಡೇಟಾ ವೈರ್ ಸಾಕು, ಹಾಗಾಗಿ ಜೋಡಣೆ ಕಷ್ಟ ಅಲ್ಲ. ಪ್ರೋಗ್ರಾಂ ಬರೆದುಕೊಟ್ಟವರು ಇಬ್ಬರು ಪಾಲಿಟೆಕ್ನಿಕ್ ಹುಡುಗಿಯರು, ತಮ್ಮ ಪ್ರಾಜೆಕ್ಟಿಗೆಂದು. ನಿಮ್ಮ ಹತ್ತಿರದ ಪಾಲಿಟೆಕ್ನಿಕ್‌ನಲ್ಲೂ ಕೇಳಿ ನೋಡಿ. ಆ ವಯಸ್ಸಿನವರಿಗೆ ನಿಜವಾದ ಸಮಸ್ಯೆ ಸಿಕ್ಕರೆ ಎಷ್ಟು ಖುಷಿ ಗೊತ್ತಾ! ಆದರೆ ಅವರ ಕೆಲಸಕ್ಕೆ ತಪ್ಪದೆ ದುಡ್ಡು ಕೊಡಿ.

ದೀಪ ಒಂದೇ ಬಣ್ಣದ್ದಿರಲಿ. "ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು" ಎಂದು ಇಟ್ಟರೆ ಯಾರಿಗಾಗಿ ಮಾಡಿದೆವೋ ಅವರಿಗೇ ಗೊತ್ತಾಗುವುದಿಲ್ಲ. ನಾವು ಮೊದಲ ದಿನ ಹಾಗೇ ಇಟ್ಟಿದ್ದೆವು. ಹುಡುಗನೇ ಬಂದು ತಿದ್ದಿಸಿದ. ಈಗ ಬಿಳಿ ದೀಪ. ತಪ್ಪಾದರೆ ಮಿಟುಕುತ್ತದೆ. ಹೊಸಬರಿಗೂ ಕೆಲಸ ಕಲಿಸಲು ಇದೇ ಈಗ ಸುಲಭ ದಾರಿ ಆಗಿದೆ.

ಕಿವಿ ಕೇಳದಿದ್ದರೆ

ಕಂಟಿನ್ಯುಟಿ ಟೆಸ್ಟರ್ "ಬೀಪ್" ಎಂದರೆ ವೈರ್ ಸರಿ ಇದೆ ಎಂದರ್ಥ. ಕಿವಿ ಕೇಳದ ಹುಡುಗಿಗೆ ಟೆಸ್ಟಿಂಗ್ ಕೆಲಸ ಆಗುವುದಿಲ್ಲ ಎಂದು ನಮ್ಮಲ್ಲೇ ಒಬ್ಬರು ತೀರ್ಪು ಕೊಟ್ಟುಬಿಟ್ಟಿದ್ದರು. ನಮ್ಮ ಎಲೆಕ್ಟ್ರಿಷಿಯನ್ ಬಜರಿನ ಜೊತೆಗೆ ಒಂದು ಎಲ್‌ಇಡಿ, ಒಂದು ರೆಸಿಸ್ಟರ್ ಸೇರಿಸಿದರು. ಅರ್ಧ ಗಂಟೆ ಹಿಡಿಯಿತು. ಆ ಹುಡುಗಿ ಈಗ ಟೆಸ್ಟಿಂಗ್‌ನಲ್ಲಿದ್ದಾಳೆ.

ಮಾತಿಗೆ ಆಂಡ್ರಾಯ್ಡ್ ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಇದೆ. ನಾವು ಆಡಿದ್ದನ್ನು ಕೂಡಲೇ ಅಕ್ಷರ ಮಾಡಿ ತೋರಿಸುತ್ತದೆ. ದುಡ್ಡು ಇಲ್ಲ, ಕನ್ನಡದಲ್ಲೂ ಕೆಲಸ ಮಾಡುತ್ತದೆ. ಮೆಷಿನ್ ಸದ್ದಿನ ನಡುವೆ ಮಾತ್ರ ಸೋಲುತ್ತದೆ. ಫೋನನ್ನು ಮಾತಾಡುವವರ ಬಾಯಿ ಹತ್ತಿರ ಹಿಡಿಯಿರಿ, ಇಲ್ಲವೇ ಒಂದು ಕಾಲರ್ ಮೈಕ್ ಹಾಕಿ. ಕನ್ನಡದ ನಡುವೆ ಇಂಗ್ಲಿಷ್ ಪದ ಜಾಸ್ತಿ ಬೆರೆತರೆ ಏನೇನೋ ಬರೆಯುತ್ತದೆ. ಅಳತೆ, ವೋಲ್ಟೇಜ್, ಮೆಷಿನ್ ಸೆಟ್ಟಿಂಗ್ ಇಂಥವನ್ನು ಆ್ಯಪ್‌ಗೆ ಬಿಡದೆ ಬರೆದು ತೋರಿಸಿ.

ಆಮೇಲೆ, ಕಿವಿ ಕೇಳದವರೆಲ್ಲ ಕನ್ನಡ ಓದಿಕೊಂಡು ಆರಾಮಾಗಿ ಇರುತ್ತಾರೆ ಎಂದುಕೊಳ್ಳಬೇಡಿ. ಹಲವರ ಮೊದಲ ಭಾಷೆ ಸನ್ನೆ ಭಾಷೆ. ಕೇಂದ್ರ ಸರ್ಕಾರದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೊ ನಿಘಂಟು ಮಾಡಿದೆ. ಫೋನಿನಲ್ಲೇ ನೋಡಬಹುದು. ನಾವು ವಾರಕ್ಕೆ ಐದು ಪದ ಕಲಿತೆವು. ನಿಲ್ಲಿಸು, ಬಿಸಿ, ನೀರು, ಊಟ, ಚೆನ್ನಾಗಿದೆ. ಕಲಿಸಿದ್ದು ಆ ಹುಡುಗಿಯೇ.

ದಯವಿಟ್ಟು ಒಂದನ್ನು ಮರೆಯಬೇಡಿ. ಬೆಂಕಿಯ ಅಲಾರಂ ಬರೀ ಸದ್ದು ಮಾಡಿದರೆ ಸಾಲದು, ಮಿಂಚುವ ದೀಪವೂ ಇರಬೇಕು. ಟಾಯ್ಲೆಟ್ ಒಳಗೂ ಇರಬೇಕು. ಬೇರೆ ಏನು ಮಾಡದಿದ್ದರೂ ಇದನ್ನು ಈ ವಾರವೇ ಮಾಡಿ.

ಓದುವುದು ಕಷ್ಟ ಆದವರಿಗೆ

ನಮ್ಮ ಕೆಲಸದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕಸ್ಟಮರ್ ಕಳಿಸಿದ್ದನ್ನು ಹಾಗೇ ಗೋಡೆಗೆ ಅಂಟಿಸಿದ್ದೆವು. ಓದುವವರು ಇಬ್ಬರು, ಉಳಿದವರು ಅವರನ್ನು ಕೇಳಿಕೊಂಡು ಮಾಡುತ್ತಿದ್ದರು. ಈಗ ಒಂದೊಂದು ಬೋರ್ಡಿಗೂ ಒಂದು ಕ್ಯೂಆರ್ ಕೋಡ್. ಫೋನ್ ಹಿಡಿದರೆ ಎರಡು ನಿಮಿಷದ ವಿಡಿಯೊ ಬರುತ್ತದೆ. ಅದರಲ್ಲಿ ಮಾತಾಡುವವರು ಹದಿನಾಲ್ಕು ವರ್ಷದಿಂದ ಇಲ್ಲೇ ಇರುವ ನಮ್ಮ ಅಕ್ಕ ಒಬ್ಬರು. "ಇಲ್ಲಿ ಜಾಸ್ತಿ ಎಳೀಬೇಡಿ, ಟರ್ಮಿನಲ್ ಬಿಟ್ಕೊಳ್ಳುತ್ತೆ" ಎಂಬಂಥ ಮಾತು ಯಾವ ಕಸ್ಟಮರ್ ಡ್ರಾಯಿಂಗಿನಲ್ಲೂ ಇರುವುದಿಲ್ಲ. ಒಡಿಶಾ ಕಡೆಯ ಹುಡುಗರಿಗಾಗಿ ಅದನ್ನೇ ಹಿಂದಿಯಲ್ಲೂ ಮಾಡಿಸಿದ್ದೇವೆ.

ಶಿಫ್ಟ್ ರಿಪೋರ್ಟ್ ಬರೆಯಲು ಹಿಂಜರಿಯುವವರಿಗೆ ಫೋನ್ ಕೀಬೋರ್ಡಿನ ಮೈಕ್ ತೋರಿಸಿಕೊಡಿ. ಕನ್ನಡದಲ್ಲಿ ಹೇಳಿದರೆ ಅದೇ ಬರೆಯುತ್ತದೆ. ಕಳಿಸುವ ಮೊದಲು ಅಂಕಿಗಳನ್ನು ಒಮ್ಮೆ ನೋಡಿಕೊಳ್ಳಲಿ.

ಸ್ಟೋರ್ಸ್ ನೋಡಿಕೊಳ್ಳುವವರಿಗೆ ದೃಷ್ಟಿ ತೀರಾ ಕಡಿಮೆ. ಅವರಿಗಾಗಿ ನಾವು ಸಾಫ್ಟ್‌ವೇರ್ ಏನೂ ಕೊಳ್ಳಲಿಲ್ಲ. ವಿಂಡೋಸ್ ಕೀ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಪರದೆ ದೊಡ್ಡದಾಗುತ್ತದೆ. ಪರದೆಯನ್ನು ಓದಿ ಹೇಳಲು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಶುರು ಮಾಡಿದ್ದು, ಇವತ್ತಿಗೂ ಉಚಿತ. ಅದರ ಜೊತೆ ಬರುವ ದನಿ ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದಂತಿದೆ, ಒಂದು ವಾರದಲ್ಲಿ ರೂಢಿ ಆಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೇ ಕೆಲಸ ಮಾಡುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಒಮ್ಮೆ ಶಾರ್ಟ್‌ಕಟ್ ಇಟ್ಟುಕೊಂಡರೆ, ವಾಲ್ಯೂಮಿನ ಎರಡೂ ಬಟನ್‌ಗಳನ್ನು 3 ಸೆಕೆಂಡ್ ಒತ್ತಿ ಆನ್ ಮಾಡಬಹುದು.

ಕನ್ನಡದವರು ಇಲ್ಲಿ ಎಡವುವ ಒಂದು ಕಲ್ಲಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಸ್ಕ್ರೀನ್ ರೀಡರ್ ಅದನ್ನು ಓದಿದರೆ ಕಲಸುಮೇಲೋಗರ. ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಬದಲಾಯಿಸಿಯೇ ಕೊಡಬೇಕು. ಪರಿವರ್ತಕಗಳು ನುಡಿ, ಬರಹ ಎರಡರ ಜೊತೆಗೂ ಬರುತ್ತವೆ. ರಜೆ ಪಟ್ಟಿ, ಸಂಬಳದ ನೋಟಿಸ್, ಸುರಕ್ಷತೆಯ ಸೂಚನೆ ಮೊದಲು ಬದಲಾಯಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಬರೀ ಚಿತ್ರವೇ, ಅದನ್ನೂ ಟೈಪ್ ಮಾಡಿಸಿ.

ನೋವು, ಸುಸ್ತು, ಸದ್ದು

ಇದಕ್ಕೆ ತಂತ್ರಜ್ಞಾನ ಜಾಸ್ತಿ ಬೇಡ. ಎತ್ತರ ಹೊಂದಿಸಬಹುದಾದ ಟೇಬಲ್, ಅರ್ಧ ಕೂತು ಅರ್ಧ ನಿಂತು ಕೆಲಸ ಮಾಡಬಹುದಾದ ಎತ್ತರದ ಸ್ಟೂಲ್, ಕಾಲ ಕೆಳಗೆ ರಬ್ಬರ್ ಮ್ಯಾಟ್. ಟೇಬಲ್ ಎತ್ತರ ಯಾರಿಗೆ ಎಷ್ಟು ಎಂದು ಟೇಬಲಿನ ಕಾಲಿನ ಮೇಲೆ ಬಣ್ಣದ ಟೇಪ್ ಬದಲು ಹೆಸರಿನ ಚೀಟಿ ಅಂಟಿಸಿ. ಶಿಫ್ಟ್ ಬದಲಾದಾಗ ಹತ್ತು ಸೆಕೆಂಡಿನಲ್ಲಿ ಹೊಂದಿಸಬಹುದು.

ವಿರಾಮ ನೆನಪಿಸಲು ಕಡಿಮೆ ಬೆಲೆಯ ಸ್ಮಾರ್ಟ್ ಬ್ಯಾಂಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಯಾರಿಗೂ ಕೇಳಿಸದ ಹಾಗೆ ಕೈ ಮೇಲೆ ಕಂಪಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು ಊಟದ ಹೊತ್ತಿಗೆ, ಸೊಂಟ ನೋವಿರುವವರು ಏಳುವ ಹೊತ್ತಿಗೆ ತಾವೇ ಸಮಯ ಇಟ್ಟುಕೊಳ್ಳುತ್ತಾರೆ. ಆಫೀಸಿನವರಿಗೆ 20-20-20 ಎಂಬ ಲೆಕ್ಕ ಇದೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡ್ ನೋಡುವುದು.

ಸದ್ದಿನ ವಿಷಯಕ್ಕೆ ಫೋನಿನ ಸೌಂಡ್ ಮೀಟರ್ ಒಂದು ಅಂದಾಜು ಕೊಡುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬಲ್ ದಾಟಿದ ಸದ್ದಿನಲ್ಲಿದ್ದರೆ ಕಿವಿಗೆ ಅಪಾಯ. ನಮ್ಮ ಕ್ರಿಂಪಿಂಗ್ ಮೂಲೆ ಆ ಹತ್ತಿರ ತೋರಿಸಿದಾಗ ಸರಿಯಾದ ಮೀಟರ್ ತರಿಸಿ ಅಳೆಸಿದೆವು. ಮೈಗ್ರೇನ್ ಬರುವ ಒಬ್ಬರ ಟೇಬಲನ್ನು ಅಲ್ಲಿಂದ ಆಚೆ ಗೋಡೆಗೆ ಸರಿಸಿದೆವು.

ನೆರವಿಗೆ ಬಂದದ್ದು ಕಾವಲು ಆಗದಿರಲಿ

ಈ ಹೆಜ್ಜೆಯಲ್ಲಿ ಎಡವಿದರೆ ಹಿಂದಿನದೆಲ್ಲ ನೀರಿನಲ್ಲಿ ಹೋಮ. ನಮ್ಮ ಬೆಳಕಿನ ಡಬ್ಬಿ ಯಾರು ಎಷ್ಟು ಹೊತ್ತಿಗೆ ಬಟನ್ ಒತ್ತಿದರು ಎಂಬುದನ್ನೂ ಬರೆದಿಡಬಲ್ಲದು. ಅದನ್ನು ಇಟ್ಟುಕೊಂಡು ಟಾರ್ಗೆಟ್ ಏರಿಸೋಣ ಎಂಬ ಮಾತು ಮೀಟಿಂಗಿನಲ್ಲಿ ಬಂತು. ನಾನು ಒಪ್ಪಲಿಲ್ಲ. ನಿಧಾನ ಆದಾಗ ಸಹಾಯ ಮಾಡಲಿ ಎಂದು ಕೊಟ್ಟ ಸಾಧನ ನಿಧಾನ ಆದದ್ದಕ್ಕೆ ಸಾಕ್ಷಿ ಹೇಳಿದರೆ, ನಾಳೆ ಯಾರು ಬಾಯಿ ಬಿಟ್ಟು ಕಷ್ಟ ಹೇಳುತ್ತಾರೆ? ಕೊನೆಗೆ ಆ ದಾಖಲೆ ಬರೆಯುವ ಭಾಗವನ್ನೇ ಪ್ರೋಗ್ರಾಮಿನಿಂದ ತೆಗೆಸಿದೆವು. ಬ್ಯಾಂಡಿನ ನಿದ್ದೆ, ನಾಡಿ ಲೆಕ್ಕ ಅವರವರ ಫೋನಿನಲ್ಲೇ ಇರುತ್ತದೆ, ನಾವು ಕೇಳುವುದಿಲ್ಲ.

ಯಾವುದೇ ಮಾಹಿತಿ ಪಡೆಯುವುದಿದ್ದರೆ ಏನು, ಯಾಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಶೆಡ್ಯೂಲಿನ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ. ಕನ್ನಡ ಅದರಲ್ಲಿದೆ. "ಬೇಡ" ಎಂದವರಿಗೆ ಮೊದಲಿನ ಹಾಗೇ ಕೆಲಸ ಮಾಡುವ ದಾರಿ ತೆರೆದಿರಲಿ.

ಕಾನೂನು, ಮತ್ತೆ ಊರಲ್ಲೇ ಇರುವ ನೆರವು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಹೆಸರಿಸಿದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳು. ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಯಾವ ಹುದ್ದೆಗಳು, ಯಾವ ಸೌಲಭ್ಯ, ಯಾರು ಸಂಪರ್ಕ ಅಧಿಕಾರಿ ಎಂಬುದೂ ಇರಬೇಕು. ಹೊಂದಾಣಿಕೆ ಕೇಳುವುದು ಹಂಗು ಅಲ್ಲ, ಹಕ್ಕು. ಬಣ್ಣ ಗೊತ್ತಾಗದಿರುವುದು ಆ 21ರಲ್ಲಿ ಇಲ್ಲ. ಹಾಗೆಂದು ಆ ಹುಡುಗನಿಗೆ ನಂಬರ್ ಹಾಕಿಕೊಡಲು ಕಾನೂನು ಹೇಳುವವರೆಗೆ ಕಾಯಬೇಕಿಲ್ಲ ಅಲ್ವಾ?

ಬೆಂಗಳೂರಿನಲ್ಲಿ ಕೇಳಲು ಜನ ಇದ್ದಾರೆ. ಕೋರಮಂಗಲದ ಎನೇಬಲ್ ಇಂಡಿಯಾ 1999ರಿಂದ ಅಂಗವಿಕಲರ ಉದ್ಯೋಗದ ಕೆಲಸವನ್ನೇ ಮಾಡುತ್ತಿದೆ. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಶುರುವಾದದ್ದು 1959ರಲ್ಲಿ. ದೃಷ್ಟಿ ಇಲ್ಲದವರ ತರಬೇತಿಗೆ ಎಚ್‌ಎಸ್‌ಆರ್ ಲೇಔಟಿನ ಮಿತ್ರ ಜ್ಯೋತಿ ಇದೆ.

ಹದಿನೈದು ದಿನ ಬಳಸಿ, ಮತ್ತೆ ಕೇಳಿ

ಒಂದು ಸಲಕ್ಕೆ ಒಬ್ಬರಿಗೆ ಒಂದೇ ಬದಲಾವಣೆ ಮಾಡಿ. ಎರಡು ವಾರ ಬಿಟ್ಟು ಮತ್ತೆ ಅದೇ ಟೀ ಹೊತ್ತಲ್ಲಿ ಕೂತು ಕೇಳಿ. ಬಳಸುತ್ತಿಲ್ಲ ಎಂದರೆ ಬೇಜಾರು ಬೇಡ, ವಾಪಸ್ ತೆಗೆದುಕೊಳ್ಳಿ. ಒಬ್ಬರಿಗೆ ನಾವು ಕೊಟ್ಟ ದೊಡ್ಡ ಪರದೆ ಇಷ್ಟ ಆಗಲಿಲ್ಲ. ಅವರಿಗೆ ಬೇಕಿದ್ದದ್ದು ಕಿಟಕಿಯ ಬೆಳಕು ಬೆನ್ನಿಗೆ ಬೀಳದ ಜಾಗ.

ಸಾಧನ ಕೆಟ್ಟ ದಿನಕ್ಕೂ ತಯಾರಿ ಇರಲಿ. ಕರೆಂಟ್ ಹೋದರೆ, ವೈಫೈ ನಿಂತರೆ ಕೆಲಸ ಹೇಗೆ ಎಂದು ಮೊದಲೇ ತೀರ್ಮಾನಿಸಿ. ನಮ್ಮಲ್ಲಿ ನಂಬರ್ ಸ್ಲೀವ್ ಇರುವುದರಿಂದ ದೀಪ ಇಲ್ಲದೆಯೂ ಲೈನ್ ನಡೆಯುತ್ತದೆ. ಒಂದು ಹೆಚ್ಚುವರಿ ಇಎಸ್‌ಪಿ32 ಬೋರ್ಡಿಗೆ ಪ್ರೋಗ್ರಾಂ ಹಾಕಿ ಎತ್ತಿಟ್ಟಿದ್ದೇವೆ.

ಎಲ್ಲವನ್ನೂ ಎರಡು ಪುಸ್ತಕದಲ್ಲಿ ಬರೆದಿಡಿ. ವೈರಿಂಗ್, ಪಾಸ್‌ವರ್ಡ್, ಯಾವ ಅಂಗಡಿಯ ಸಾಮಾನು ಎಂಬುದು ಒಂದರಲ್ಲಿ. ಅದು ನಮ್ಮ ಟೂಲ್ ರೂಮಿನಲ್ಲಿ ಎಲ್ಲರ ಕೈಗೆ ಸಿಗುವಂತೆ ನೇತಾಡುತ್ತಿರುತ್ತದೆ. ಯಾರಿಗೆ ಏನು ಬೇಕು ಎಂಬುದು ಇನ್ನೊಂದರಲ್ಲಿ. ಅದಕ್ಕೆ ಬೀಗ ಇದೆ. ಅದರಲ್ಲಿ ಏನು ಬರೆದಿದೆ ಎಂದು ಅವರವರ ಪುಟವನ್ನು ಅವರವರು ಯಾವಾಗ ಬೇಕಾದರೂ ಬಂದು ಓದಬಹುದು. ಬೇಡದ ಸಾಲು ಇದ್ದರೆ ಅಲ್ಲೇ ಹೊಡೆದುಹಾಕಲು ಪೆನ್ನನ್ನೂ ಕೊಡುತ್ತೇನೆ.